ಹತ್ತೊಂಬತ್ತನೆಯವರು

ಜನವರಿಯ ಒಂದು ಶನಿವಾರ ಮಧ್ಯಾಹ್ನ ನಾವು ಐದು ಮಂದಿ ಗದಗಿನಿಂದ ಲಕ್ಷ್ಮೇಶ್ವರದ ಹಾದಿ ಹಿಡಿದೆವು. ಗಾಡಿ ಗೆಳೆಯನೊಬ್ಬನ ಟಂಟಂ. ಎರಡು ದಿನದ ಬಾಡಿಗೆ ಬಿಟ್ಟು ಅವನು ನಮ್ಮ ಜೋಡಿ ಬಂದಿದ್ದ. ಡೀಸೆಲ್ಲಿಗೆ ಎಲ್ಲರೂ ಪಟ್ಟಿ ಹಾಕಿದ್ದೆವು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಉಳ್ಳಾಗಡ್ಡಿ. ನಮ್ಮೊಳಗೆ ಒಬ್ಬರು ಕನ್ನಡ ಸಾಲಿಯ ಮಾಸ್ತರು, ಒಬ್ಬ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ, ಒಬ್ಬಳು ಕಾನೂನು ಓದುತ್ತಿರುವ ತಂಗಿ.

ಈ ತಿರುಗಾಟಕ್ಕೆ ಕಾರಣನಾದವನು ಮಾಸ್ತರ ಕ್ಲಾಸಿನ ಒಬ್ಬ ಹುಡುಗ. ಮಾಸ್ತರು ಪುಲಿಗೆರೆಯ ಪಾಠ ಹೇಳುತ್ತಿದ್ದರಂತೆ. ಚಾಲುಕ್ಯರು ಕಟ್ಟಿಸಿದರು, ಗಂಗರು ದಾನ ಕೊಟ್ಟರು, ಪಂಪ ಹೊಗಳಿದ. ಹಿಂದಿನ ಸಾಲಿನಿಂದ ಹುಡುಗ ಎದ್ದು ನಿಂತು ಕೇಳಿದ: “ಸರ, ಅವಾಗ ನಮ್ಮ ಮಂದಿ ಎಲ್ಲಿದ್ರು?”

ಮಾಸ್ತರಿಗೆ ಉತ್ತರ ಹೊಳೆಯಲಿಲ್ಲ. “ಕುಂಡ್ರಪಾ, ಆಮೇಲೆ ಹೇಳ್ತೀನಿ” ಅಂದು ಪಾಠ ಮುಗಿಸಿದರು. ಆ ‘ಆಮೇಲೆ’ ಅವರನ್ನು ಮಲಗಗೊಡಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ, ತಾವೂ ಅದೇ ಓಣಿಯಿಂದ ಬಂದ ಮೇಲೆ, ಈ ಪ್ರಶ್ನೆ ತಮಗೇ ಯಾಕೆ ಹುಟ್ಟಲಿಲ್ಲ ಎಂಬುದು ಅವರ ಸಂಕಟ. ಆ ಸಂಕಟವನ್ನು ನಮ್ಮೆಲ್ಲರ ತಲೆಗೂ ಹಚ್ಚಿದರು.

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಎರಡೂ ಕಡೆ ಎರೆ ಹೊಲ. ಹತ್ತಿ ಒಡೆದಿತ್ತು, ಜೋಳ ತೆನೆ ಹಿಡಿದಿತ್ತು. ನಡುಹಾದಿಯಲ್ಲಿ ಮಾಗಡಿ ಕೆರೆ. ಮಳೆಯ ನೀರು ಹಿಡಿಯಲೆಂದು ಮನುಷ್ಯರು ಕಟ್ಟಿದ ಕೆರೆ ಅದು. ಪ್ರತಿ ಚಳಿಗಾಲಕ್ಕೆ ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿಗೆ ಬರುತ್ತವೆ. 2024ರಲ್ಲಿ ಇದಕ್ಕೆ ರಾಮ್ಸಾರ್ ತಾಣವೆಂಬ ಜಾಗತಿಕ ಮಾನ್ಯತೆಯೂ ಸಿಕ್ಕಿತು. ನಾವು ಏರಿಯ ಮೇಲೆ ನಿಂತು ನೋಡಿದೆವು. ಹಮಾಲ ಗೆಳೆಯ ಅಂದ: “ಇವಕ್ಕ ನೀರು ಕುಡಿಯಾಕ ಯಾರೂ ಜಾತಿ ಕೇಳೂದಿಲ್ಲ ನೋಡ್ರಿ.” ನಗುತ್ತಲೇ ಅಂದ. ನಾವೂ ನಕ್ಕೆವು.

ಮುಂದೆ ಒಂದು ಹಳ್ಳಿಯ ಚಾದಂಗಡಿಯಲ್ಲಿ ಆ ನಗೆ ನಿಂತಿತು. ಊರಿನ ಹೆಸರು ಬೇಡ. ಅಂಗಡಿಯವ ಚಹಾ ಸೋಸುತ್ತ, “ಯಾವೂರಾತು? ಯಾರ ಪೈಕಿ?” ಅಂದ. ಟಂಟಂ ಗೆಳೆಯ ಇದ್ದದ್ದು ಇದ್ದಂಗೆ ಹೇಳಿದ. ಬೆಂಚಿನ ಮೇಲೆ ಕುಂತಿದ್ದ ಊರ ಹಿರಿಯರಿಗೆ ಗಾಜಿನ ಗ್ಲಾಸು ಬಂತು. ನಮಗೆ ಪೇಪರ್ ಕಪ್ಪು. “ಗ್ಲಾಸು ತೊಳದಿಲ್ಲರೀ” ಅಂದ, ನಾವು ಕೇಳದೆಯೇ. ಹಿಂದೆ ನಮ್ಮ ಗ್ಲಾಸು ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಕುಡಿದು ನಾವೇ ತೊಳೆದು ಇಡಬೇಕಿತ್ತು. ಈಗ ತೊಳೆಯುವ ಕೆಲಸ ಇಲ್ಲ. ಕುಡಿದು ಬಿಸಾಕಿದರೆ ಆಯಿತು, ಪುರಾವೆಯೂ ಉಳಿಯುವುದಿಲ್ಲ.

*

ಲಕ್ಷ್ಮೇಶ್ವರ ಎಂಬುದು ಈಚಿನ ಹೆಸರು. ಶಾಸನಗಳಲ್ಲಿ ಇದು ಪುಲಿಗೆರೆ, ಪುರಿಗೆರೆ, ಪೊರಿಗೆರೆ. ಹುಲಿಯ ಕೆರೆ. ಪುಲಿಗೆರೆ ಮುನ್ನೂರು ಎಂಬ ಹಳೆಯ ನಾಡಿನ ಮುಖ್ಯ ಪಟ್ಟಣ. ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕೊನೆಗೆ ಬಿಜಾಪುರದ ಆದಿಲಶಾಹಿಗಳು, ಮೀರಜದ ಪಟವರ್ಧನರು, ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಊರು. ಸುತ್ತಲಿನ ಧಾರವಾಡ ಜಿಲ್ಲೆ ಬ್ರಿಟಿಷರದಾಗಿದ್ದಾಗಲೂ ಇದು ಸಂಸ್ಥಾನದ ಊರಾಗಿಯೇ ಉಳಿದಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಆಮೇಲೆ ಶಿರಹಟ್ಟಿಯಿಂದ ಬೇರೆಯಾಗಿ ಲಕ್ಷ್ಮೇಶ್ವರ ತಾನೇ ತಾಲೂಕಾಯಿತು.

ಕನ್ನಡದ ಪಂಡಿತರಿಗೆ ಈ ಊರು ಪ್ರಿಯ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜೊತೆಗೆ ಪುಲಿಗೆರೆಯನ್ನು ಹೇಳುತ್ತದೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಡುತ್ತಾನೆ. ಮನುಷ್ಯ ಜಾತಿ ಕುರಿತು ಅವನು ಬರೆದ ಮಾತು ಇಂದು ಎಲ್ಲ ವೇದಿಕೆಗಳ ಮೇಲೆ ಕೇಳುತ್ತದೆ. ಆ ಮಾತನ್ನು ಹೇಳಿ ಚಪ್ಪಾಳೆ ತಗೊಂಡವರು ವೇದಿಕೆ ಇಳಿದು ಯಾವ ಗ್ಲಾಸಿನಲ್ಲಿ ಚಹಾ ಕುಡಿಸುತ್ತಾರೆ ಎಂಬುದಷ್ಟೇ ನಮ್ಮ ಪ್ರಶ್ನೆ.

ತಿರುಳು ಎಂದ ಮೇಲೆ ಸಿಪ್ಪೆಯೂ ಇರಬೇಕಲ್ಲ? ನಮ್ಮ ಓಣಿಯ ಕನ್ನಡವನ್ನು ಕಾಲೇಜಿನಲ್ಲಿ ಆಡಿ ನಗೆಪಾಟಲಾದವರು ನಾವು. 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೂರಲ್ಲಿ ಗಲಭೆ ಎದ್ದಿತು. ಹಾಸ್ಟೆಲ್ಲಿನ ನಮ್ಮ ಹುಡುಗರು ಹೊಡೆತ ತಿಂದರು, ಅವರು ಮಂತ್ರಿಗಿರಿ ಕಳಕೊಂಡರು. ಅವರು ಕೇಳಿದ್ದೂ ಮಾಸ್ತರ ಕ್ಲಾಸಿನ ಹುಡುಗನ ಪ್ರಶ್ನೆಯನ್ನೇ: ಇದರೊಳಗೆ ನಾವೆಲ್ಲಿ? ಆ ಪ್ರಶ್ನೆಗೆ ಉತ್ತರವಾಗಿಯೇ ದಲಿತ ಸಂಘರ್ಷ ಸಮಿತಿ ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಕಾವ್ಯಕ್ಕೆ ಕೇಳಿದ ಆ ಪ್ರಶ್ನೆಯನ್ನು ಕಲ್ಲಿಗೆ ಕೇಳುವುದು ಮಾತ್ರ ಬಾಕಿ ಉಳಿಯಿತು.

*

ಆ ರಾತ್ರಿ ಹಮಾಲ ಗೆಳೆಯನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಎರಡು ಖೋಲಿಯ ಮನೆ. ಅತ್ತಿಗೆ ಎಂಬತ್ತರ ಹತ್ತಿರ ವಯಸ್ಸು. ಬಿಸಿ ರೊಟ್ಟಿ ಬಡಿಯುತ್ತ, “ಗುಡಿ ನೋಡಾಕ ಅಷ್ಟು ದೂರಿಂದ ಬಂದೀರೇನು? ಗುಡಿ ನಮ್ಮನ್ನ ನೋಡಬೇಕಾಗಿತ್ತು” ಅಂದಳು. ಊಟವಾದ ಮೇಲೆ ತನ್ನ ತವರೂರಿನ ಬಾವಿಯ ಮಾತು ತೆಗೆದಳು.

“ನಮ್ಮಪ್ಪ ತೊಗಲು ಹದ ಮಾಡಿ ಕಪಲಿ ಬಾನಿ ಹೊಲೀತಿದ್ದ. ಊರಾಗಿನ ಎಲ್ಲಾ ತ್ವಾಟಕ್ಕೂ ಅವನ ಬಾನಿನೇ. ಸತ್ತ ಎತ್ತಿನ ತೊಗಲು, ಅವನ ಕೈಯಾಗ ಹೊಲದದ್ದು, ಅದ್ರಾಗ ನೀರು ಎತ್ತಿ ಊರೆಲ್ಲಾ ಉಣ್ತಿತ್ತು. ನಾನು ಕೊಡ ಹಿಡಕೊಂಡು ಬಾವಿ ದೂರದಾಗ ನಿಂದ್ರಬೇಕು. ‘ನೀರು ಹಾಕ್ರೆವ್ವಾ, ನೀರು ಹಾಕ್ರೆವ್ವಾ’ ಅಂತ ಕೂಗಬೇಕು. ಯಾರರ ಕನಿಕರ ಬಂದವರು ಮ್ಯಾಲಿಂದ ಸುರೀತಿದ್ರು. ತೊಗಲು ಮುಟ್ಟಿದ ನೀರು ಮೈಲಿಗಿ ಅಲ್ಲ, ತೊಗಲು ಹೊಲದವನ ಮಗಳು ಮುಟ್ಟಿದ್ರ ಮೈಲಿಗಿ.”

ನಮ್ಮ ತಂಗಿ ಕಾನೂನು ಪುಸ್ತಕದಲ್ಲಿ ಅಸ್ಪೃಶ್ಯತೆಯ ವ್ಯಾಖ್ಯೆ ಓದಿದ್ದಾಳೆ, ಸಂವಿಧಾನದ 17ನೆಯ ವಿಧಿ ಓದಿದ್ದಾಳೆ. ಆ ರಾತ್ರಿ ಅವಳು ಅತ್ತಿಯ ಮಾತನ್ನು ಒಂದಕ್ಷರ ಬಿಡದೆ ವಹಿಯಲ್ಲಿ ಬರೆದುಕೊಂಡಳು. “ನನ್ನ ಮಾತು ಬರಕೊಂಡು ಏನು ಮಾಡ್ತಿಯವ್ವಾ?” ಅಂದಳು ಅತ್ತಿ. ಈ ಪ್ರಶ್ನೆಗೂ ನಮ್ಮಲ್ಲಿ ಆಗ ಉತ್ತರ ಇರಲಿಲ್ಲ.

*

ಭಾನುವಾರ ಮುಂಜಾನೆ ಸೋಮೇಶ್ವರ ಗುಡಿಗೆ ಹೋದೆವು. ಕೋಟೆಯಂಥ ಎತ್ತರದ ಗೋಡೆ, ಒಳಗೆ ವಿಶಾಲ ಅಂಗಳ, ಹಿಂದೆ ಮೆಟ್ಟಿಲು ಇಳಿದು ಹೋಗುವ ಹಳೆಯ ಬಾವಿ. ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡ. ಒಳಗೆ ಲಿಂಗವಲ್ಲ, ನಂದಿಯ ಮೇಲೆ ಕುಂತ ಶಿವ ಪಾರ್ವತಿ. ಅಂಗಳದಲ್ಲಿ ಶಾಸನದ ಕಲ್ಲುಗಳು. ಈ ಊರೊಂದರಲ್ಲೇ ಹತ್ತಾರು ಶಾಸನ ಸಿಕ್ಕಿವೆ. ನಾವು ಕಲ್ಲಿನ ಮೇಲೆ ಬೆರಳಾಡಿಸಿದೆವು. ನಮ್ಮ ಭಾಷೆ ಅದು, ಆದರೂ ಓದಲು ಬರಲಿಲ್ಲ. ಮಾಸ್ತರು ಗ್ರಂಥಾಲಯದಿಂದ ಪ್ರತಿ ಮಾಡಿಸಿ ತಂದಿದ್ದ ಹಾಳೆಗಳನ್ನು ಬಾವಿಯ ಕಟ್ಟೆಯ ಮೇಲೆ ಹರಡಿದರು.

ಮೊದಲನೆಯದು ಸುಮಾರು 725ರ ಶಾಸನ. ಬಾದಾಮಿಯ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯವರಿಗೆ ಬರೆಸಿಕೊಟ್ಟ ‘ಆಚಾರವ್ಯವಸ್ಥೆ’. ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸ ಓದಿ ಅಚ್ಚು ಹಾಕಿಸಿದ್ದು. ಇದು ಸಣ್ಣ ಸಂಗತಿಯಲ್ಲ. 1300 ವರ್ಷದ ಹಿಂದೆ ಅರಸುಕುಲದವನೊಬ್ಬ ಊರಿನವರಿಗೆ ತನ್ನ ಅಧಿಕಾರಿಗಳು ಏನೇನು ಕಾಯಬೇಕು ಎಂದು ಬರೆದುಕೊಟ್ಟ. ಮನೆಗಳನ್ನು ಮೇಲಿನದು, ನಡುವಿನದು, ಕೆಳಗಿನದು ಎಂದು ದರ್ಜೆ ಮಾಡಿ, ಇದ್ದವರಿಂದ ಹೆಚ್ಚು, ಇಲ್ಲದವರಿಂದ ಕಡಿಮೆ ತೆರಿಗೆ ಎತ್ತಬೇಕೆಂದ. ಕಸುಬುದಾರರ ಸಂಘಕ್ಕೂ ಅದರಲ್ಲಿ ಜಾಗವಿದೆ. ಪ್ರಭುತ್ವ ತನ್ನ ಕೈಯನ್ನು ತಾನೇ ಸ್ವಲ್ಪ ಕಟ್ಟಿಕೊಂಡ ಈ ಬರಹವನ್ನು ನಾವು ಗೌರವದಿಂದಲೇ ಓದಿದೆವು.

ಆದರೆ ಯಾರಿಗೆ ಕೊಟ್ಟದ್ದು? ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ. ಮಹಾಜನರೆಂದರೆ ಬ್ರಾಹ್ಮಣರು. ನಗರವೆಂದರೆ ವ್ಯಾಪಾರಿಗಳ ಕೂಟ. ಹದಿನೆಂಟು ಪ್ರಕೃತಿಗಳೆಂದರೆ ಊರಿನ ಕಸುಬಿನ ಜನ. ನಮ್ಮ ಹಳ್ಳಿಗಳಲ್ಲಿ ಈಗಲೂ ‘ಹದಿನೆಂಟು ಜಾತಿ’ ಅನ್ನುತ್ತಾರಲ್ಲ, ಅದರ ಹಳೆಯ ಬೇರು ಇಂಥಲ್ಲಿದೆ. ಎಲ್ಲ ಕೇಳಿದ ಹಮಾಲ ಗೆಳೆಯ ಮೆಲ್ಲಗೆ ಅಂದ: “ಮಾಸ್ತರ, ಹತ್ತೊಂಬತ್ತನೇದವರು ಯಾರ್ರಿ?”

ನಾವು ಯಾರೂ ಮಾತಾಡಲಿಲ್ಲ. ನಾಲ್ಕು ವರ್ಣ ಎಣಿಸಿದವರು ನಮ್ಮನ್ನು ಐದನೆಯವರು ಮಾಡಿದರು, ಪಂಚಮರು ಅಂದರು. ಹದಿನೆಂಟು ಎಣಿಸುವಲ್ಲಿ ನಾವು ಹತ್ತೊಂಬತ್ತನೆಯವರು. ಎಣಿಕೆ ಎಷ್ಟಕ್ಕೇ ನಿಲ್ಲಲಿ, ನಾವು ಅದರಾಚೆಯ ಅಂಕಿ. ಹದಿನೆಂಟರೊಳಗೆ ಸೇರಿಸಿಕೊಂಡ ಕಡೆಯೂ ಬಾಗಿಲ ಹೊರಗಿನ ಹದಿನೆಂಟನೆಯವರು. ಹಬ್ಬಕ್ಕೆ ಹಲಗೆ ಬಾರಿಸಲು ಬೇಕು, ಸತ್ತ ದನ ಎಳೆಯಲು ಬೇಕು, ಡಂಗುರ ಸಾರಲು ಬೇಕು. ಡಂಗುರ ಸಾರಿದ ಮಾತನ್ನು ಕಲ್ಲಿಗೆ ಕೆತ್ತುವಾಗ ಸಾರಿದವನ ಹೆಸರು ಬೇಡ.

ಮಾಸ್ತರು ಇನ್ನೊಂದು ಮಾತು ತೋರಿಸಿಕೊಟ್ಟರು. ಕನ್ನಡದ ದಾನಶಾಸನಗಳ ಕೊನೆಯಲ್ಲಿ ಶಾಪ ಇರುತ್ತದೆ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ. ಅರವತ್ತು ಸಾವಿರ ವರ್ಷ ಮಲದ ಹುಳವಾಗಿ ಹುಟ್ಟುತ್ತಾನೆ. ನೂರಾರು ವರ್ಷ ಊರೂರಿನ ಕಲ್ಲುಗಳ ಮೇಲೆ ಇದೇ ಶಾಪ. ಎಲ್ಲಕ್ಕಿಂತ ದೊಡ್ಡ ಪಾಪ ಯಾವುದೆಂದು ಜನಕ್ಕೆ ಕಲಿಸಿದ ಪಾಠ ಅದು. ಕೂಲಿ ಕೊಡದಿದ್ದರೆ ಪಾಪ, ನೀರು ಕೊಡದಿದ್ದರೆ ಪಾಪ ಎಂಬುದು ಆ ಪಾಠದಲ್ಲಿ ಸೇರಲಿಲ್ಲ.

ನಾವು ಕುಂತದ್ದು ಬಾವಿಯ ಕಟ್ಟೆ. ಮೆಟ್ಟಿಲುಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಇಳಿದಿದ್ದವು. ಇಷ್ಟು ಆಳಕ್ಕೆ ಮಣ್ಣು ಅಗೆದು ತಲೆಯ ಮೇಲೆ ಹೊತ್ತು ಹಾಕಿದವರ ಕೈಗಳನ್ನು ನೆನೆದೆವು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅದಾಗಿ ಎಷ್ಟೋ ವರ್ಷದ ಮೇಲೂ ನಮ್ಮ ಅತ್ತಿ ತನ್ನ ತವರೂರಿನ ಬಾವಿಯ ದೂರದಲ್ಲಿ ನಿಂತು ‘ನೀರು ಹಾಕ್ರೆವ್ವಾ’ ಎಂದು ಕೂಗುತ್ತಿದ್ದಳು.

*

ಈ ಗುಡಿಗೆ ಆದಯ್ಯನ ಕತೆ ಇದೆ. ಸೌರಾಷ್ಟ್ರದಿಂದ ಬಂದ ವ್ಯಾಪಾರಿ, ಶಿವಭಕ್ತ. ಇಲ್ಲಿಯ ಜೈನ ಮನೆತನದ ಪದ್ಮಾವತಿಯನ್ನು ಮದುವೆಯಾದ. ಮಾವನ ಮನೆಯವರೊಡನೆ ಮತದ ಜಗಳವಾಗಿ, ಸೌರಾಷ್ಟ್ರದ ಸೋಮನಾಥನನ್ನೇ ತರುತ್ತೇನೆಂದು ಪಣ ತೊಟ್ಟು, ತಂದು ಬಸದಿಯಲ್ಲಿ ನಿಲ್ಲಿಸಿದ. ಹರಿಹರ ಇದನ್ನು ರಗಳೆಯಾಗಿ ಬರೆದ, ರಾಘವಾಂಕ ‘ಸೋಮನಾಥ ಚಾರಿತ್ರ’ವಾಗಿ ಬರೆದ. ಊರಿನಲ್ಲಿ ಶಂಖ ಬಸದಿಯೂ ಉಳಿದಿದೆ. ಅದರೊಳಗೆ ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಜಿನಬಿಂಬ ಕೆತ್ತಿದ ಸಹಸ್ರಕೂಟ ಇದೆ. ಆದಿಲಶಾಹಿಗಳ ಕಾಲದ ಜುಮ್ಮಾ ಮಸೀದಿ ಇದೆ. ಎಲ್ಲರೂ ಸೇರುವ ದರ್ಗಾ ಇದೆ. ಸಮೀಪದ ಶಿಶುನಾಳದಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಶರೀಫರು ಬ್ರಾಹ್ಮಣ ಗೋವಿಂದಭಟ್ಟರ ಶಿಷ್ಯರಾದರು.

ಇಂದು ಕೆಲವರಿಗೆ ಈ ಊರು ಲೆಕ್ಕ ಚುಕ್ತಾ ಮಾಡುವ ಜಾಗವಾಗಿ ಕಾಣಬಹುದು. ಯಾರು ಯಾರ ಗುಡಿ ತೆಗೆದರು, ಅದಕ್ಕೆ ಇಂದು ಯಾರನ್ನು ಹೊಡೆಯಬೇಕು ಎನ್ನುವ ಲೆಕ್ಕ. ಆ ಜಗಳಕ್ಕೆ ಕೈ ಬೇಕಾದಾಗ ನಮ್ಮ ಓಣಿಯ ಹುಡುಗರನ್ನೇ ಕರೆಯುತ್ತಾರೆ. ಗುಡಿಯೊಳಗೆ ಕರೆಯದವರು ಗಲಾಟೆಗೆ ಮಾತ್ರ ‘ಬರ್ರಿ ತಮ್ಮಾ’ ಅನ್ನುತ್ತಾರೆ. ನಮ್ಮ ಹುಡುಗರು ತಿಳಿಯಬೇಕಾದ ಮಾತು ಒಂದಿದೆ. ಬಸದಿಯ ಕಾಲದಲ್ಲಿ, ಗುಡಿಯ ಕಾಲದಲ್ಲಿ, ಮಸೀದಿಯ ಕಾಲದಲ್ಲಿ ದಾನದ ಹೊಲದ ಯಜಮಾನರು ಬದಲಾದರು. ಹೊಲದಲ್ಲಿ ಬಗ್ಗಿ ನಿಂತವರು ಬದಲಾಗಲಿಲ್ಲ.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಇನ್ನೊಂದು ನಡೆಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅಪ್ಪಂದಿರಿಬ್ಬರಿಗೂ ಎಳೆಹೂಟೆಯ ಸಾವು ಬಂತು. ಆದಯ್ಯನೂ ಶರಣ, ಹರಳಯ್ಯನೂ ಶರಣ. ಮತ ಬದಲಾಯಿಸಿದ ಕತೆಗೆ ಕಲ್ಲಿನ ಗುಡಿ ನಿಂತಿತು. ಜಾತಿ ಮುರಿಯಲು ಹೋದ ಕತೆಗೆ ಹೆಣ ಬಿದ್ದವು. ಮತ ಬದಲಾದರೆ ವ್ಯವಸ್ಥೆ ತಡಕೊಳ್ಳುತ್ತದೆ, ಜಾತಿ ಅಲುಗಿದರೆ ತಡಕೊಳ್ಳುವುದಿಲ್ಲ.

*

ಮಧ್ಯಾಹ್ನ ಮಾಸ್ತರು ಎರಡನೆಯ ಹಾಳೆ ತೆಗೆದರು. “ಇದನ್ನ ಇಲ್ಲಿ ಓದೋದು ಬ್ಯಾಡ. ಗುಡಗೇರಿಗೆ ಹೋಗೂಣು, ಹೊಲದಾಗ ನಿಂತು ಓದೂಣು” ಅಂದರು. ಟಂಟಂ ಹತ್ತಿದೆವು. ಗುಡಗೇರಿ ಈಗ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಊರು. ಹಳೆಯ ಹೆಸರು ಗುಡ್ಡಿಗೆರೆ.

ಬಾದಾಮಿಯ ಚಾಲುಕ್ಯ ವಿಜಯಾದಿತ್ಯನಿಗೆ ಕುಂಕುಮ ಮಹಾದೇವಿ ಎಂಬ ತಂಗಿ. ಅವಳು ಪುಲಿಗೆರೆಯಲ್ಲಿ ಒಂದು ಬಸದಿ ಕಟ್ಟಿಸಿದಳು, ಆನೆಸೆಜ್ಜೆಯ ಬಸದಿ ಎಂದು ಅದರ ಹೆಸರು. 707ರ ಸುಮಾರಿಗೆ ವಿಜಯಾದಿತ್ಯ ಆ ಬಸದಿಗೆ ಗುಡ್ಡಿಗೆರೆಯನ್ನು ಬಿಟ್ಟುಕೊಟ್ಟ. ಇಡೀ ಊರು. ಶಿಗ್ಗಾವಿಯಲ್ಲಿ ಸಿಕ್ಕ ತಾಮ್ರಪಟ ಇದನ್ನು ಹೇಳುತ್ತದೆ. ಊರು ಬಿಟ್ಟುಕೊಟ್ಟ ಎಂದರೆ ಅಲ್ಲಿ ಬೆಳೆಯುವುದರ ಹುಟ್ಟುವಳಿ ಬಿಟ್ಟುಕೊಟ್ಟ ಎಂದು ಅರ್ಥ. ಬೆಳೆಯುವವರನ್ನು ಯಾರೂ ಕೇಳುವುದಿಲ್ಲ.

ಕಾಲ ಉರುಳಿತು. ಬಾದಾಮಿಯ ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದು ಹೋದರು, ಕಲ್ಯಾಣದ ಚಾಲುಕ್ಯರು ಬಂದರು. 1076ರಲ್ಲಿ ಶ್ರೀನಂದಿ ಪಂಡಿತನೆಂಬ ಜೈನ ಗುರು ಗುಡಿಗೆರೆಯ ಹೊಲಗಳನ್ನು ತಾಮ್ರಶಾಸನದ ಆಧಾರದ ಮೇಲೆ ತನ್ನ ವಶಕ್ಕೆ ತಗೊಂಡ. ಗುಡಗೇರಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಇದು ಬರೆದಿದೆ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟ್ ಅದನ್ನು ಓದಿ ಪ್ರಕಟಿಸಿದ. ಆ ಕಲ್ಲು ವಿಜಯಾದಿತ್ಯನನ್ನೂ ಅವನ ತಂಗಿಯನ್ನೂ ಹೆಸರಿಟ್ಟು ನೆನೆಯುತ್ತದೆ.

ಲೆಕ್ಕ ಹಾಕಿರಿ ಗೆಳೆಯರೆ. 707ರಿಂದ 1076ಕ್ಕೆ ಮುನ್ನೂರ ಅರವತ್ತೊಂಬತ್ತು ವರ್ಷ. ಎರಡು ರಾಜಮನೆತನ ಕಳೆದರೂ ಪತ್ರ ನಡೆಯಿತು. ತಗಡು ತೋರಿಸಿದವನಿಗೆ ಹೊಲ ಸಿಕ್ಕಿತು. ಆ ಮುನ್ನೂರ ಅರವತ್ತೊಂಬತ್ತು ವರ್ಷ ಆ ಎರೆಯಲ್ಲಿ ಹರಗಿದವರು, ಬಿತ್ತಿದವರು, ಕಳೆ ಕಿತ್ತವರು, ರಾಶಿ ಮಾಡಿದವರು ಎಷ್ಟು ತಲೆಮಾರು? ಅವರಿಗೂ ಆ ಹೊಲಕ್ಕೂ ಇದ್ದ ಸಂಬಂಧವನ್ನು ಬರೆಯಲು ಒಂದು ಗೇಣು ತಾಮ್ರ ಸಿಗಲಿಲ್ಲ. ಜೈನರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅಗ್ರಹಾರ, ಗುಡಿ, ಮಠ, ಇನಾಮು ಎಲ್ಲದರ ಕತೆಯೂ ಇದೇ. ನಾವು ಹೇಳುವುದು ಇಷ್ಟು: ಈ ನಾಡಿನಲ್ಲಿ ಚರಿತ್ರೆ ಎಂದರೆ ಮೊದಲಿಗೆ ಹೊಲದ ಪತ್ರ. ಪತ್ರ ಇದ್ದವರಿಗೆ ಚರಿತ್ರೆ ಇದೆ.

ಇಲ್ಲಿಯವರೆಗೆ ಸುಮ್ಮನಿದ್ದ ಟಂಟಂ ಗೆಳೆಯ ಆಗ ಬಾಯಿ ಬಿಟ್ಟ. ಅವನ ಅಜ್ಜ ಹಳೆಯ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ವಾಲೀಕಾರ. ಊರ ಹೆಸರು ಇಲ್ಲಿ ಬೇಡ. ಸರಕಾರದ ದಫ್ತರ ಹೊರುವುದು, ಸಾಹೇಬರು ಬಂದರೆ ಕುದುರೆಗೆ ಹುಲ್ಲು, ರಾತ್ರಿ ಊರ ಕಾವಲು, ಸತ್ತವರ ಸುದ್ದಿ ಊರಿಂದೂರಿಗೆ ಒಯ್ಯುವುದು. ಇದಕ್ಕೆ ಪ್ರತಿಯಾಗಿ ನಾಲ್ಕು ಎಕರೆ ವತನದ ಹೊಲ. ಈ ವತನ ಎಂಬುದು ನಮ್ಮ ಜನಕ್ಕೆ ಹಾಕಿದ ಬೇಡಿಯೆಂದು ಬಾಬಾಸಾಹೇಬರು ಮೊದಲೇ ಕಂಡಿದ್ದರು. ತುಣುಕು ನೆಲ ಕೊಟ್ಟು ಹಗಲು ರಾತ್ರಿಯ ಬಿಟ್ಟಿ ಚಾಕರಿ ಮಾಡಿಸುವ 1874ರ ಕಾಯ್ದೆಯನ್ನು ತಿದ್ದಬೇಕೆಂದು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ತಂದರು. ಅಂದಿನ ಧಾರವಾಡ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತದ್ದು. ಆ ಮಸೂದೆ ಕಾಯ್ದೆಯಾಗಲಿಲ್ಲ.

ಮೈಸೂರು ರಾಜ್ಯದಲ್ಲಿ 1961ರ ಕಾಯ್ದೆ ಬಂದು 1963ರಲ್ಲಿ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ವತನದ ಹೊಲವನ್ನು ಹುದ್ದೆ ಮಾಡಿದವನು ಹಣ ತುಂಬಿ ತನ್ನ ಹೆಸರಿಗೇ ಮತ್ತೆ ಮಂಜೂರು ಮಾಡಿಸಿಕೊಳ್ಳಬಹುದಿತ್ತು. “ನಮ್ಮಜ್ಜಗ ಕಾಗದ ಬಂತು. ಓದಾಕ ಬರಂಗಿಲ್ಲ. ಊರಾಗ ಒಬ್ಬ ದೊಡ್ಡ ಮನಷ್ಯಾನ ಕಡೆ ಒಯ್ದ. ಅವ ಓದಿ, ‘ಸರಕಾರದ್ದು ರೊಕ್ಕ ತುಂಬೂದೈತಿ, ನಾ ತುಂಬ್ತೀನಿ, ಇಲ್ಲೊಂದು ಹೆಬ್ಬಟ್ಟು ಒತ್ತು’ ಅಂದ. ಅಜ್ಜ ಒತ್ತಿದ. ಮುಂದಿನ ವರ್ಷ ಅದೇ ಹೊಲದಾಗ ನಮ್ಮಪ್ಪ ಕೂಲಿಗೆ ಹೋದ.”

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಮಾತು ಊರೂರಿಗೆ ಹೋಯಿತು. ಗೇಣಿದಾರರು ಏಳನೇ ನಂಬರು ಫಾರ್ಮು ತುಂಬಿ ಹೊಲ ಪಡೆದರು. ಅದು ದೊಡ್ಡ ಕೆಲಸ, ಅದನ್ನು ನಾವು ಮರೆಯುವುದಿಲ್ಲ. ಆದರೆ ನಮ್ಮ ಜನ ಬಹಳ ಕಡೆ ಗೇಣಿದಾರರೂ ಅಲ್ಲ, ಕೂಲಿಯವರು, ಜೀತದವರು. ಗೇಣಿಗೆ ಚೀಟಿಯಾದರೂ ಇರುತ್ತದೆ, ಕೂಲಿಗೆ ಯಾವ ಚೀಟಿ? ಸರಕಾರ ದಲಿತರಿಗೆ ಕೊಟ್ಟ ಜಮೀನು ಬೇರೆಯವರ ಪಾಲಾಗಬಾರದೆಂದು 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ನಮ್ಮ ತಂಗಿ ಈಗ ಓದುತ್ತಿರುವುದು ಅದನ್ನೇ. ಕಳೆದ ಹೊಲ ಕೇಳಲು ಹೋದವನಿಗೆ ಕಚೇರಿಯಲ್ಲಿ ಮೊದಲು ಕೇಳುವುದು, “ದಾಖಲೆ ಎಲ್ಲೈತಿ?” ಶ್ರೀನಂದಿ ಪಂಡಿತನ ಕಾಲಕ್ಕೂ ಅದೇ ಪ್ರಶ್ನೆ, ನಮ್ಮ ಗೆಳೆಯನ ಕಾಲಕ್ಕೂ ಅದೇ ಪ್ರಶ್ನೆ. ಅವನ ಬಳಿ ತಗಡು ಇತ್ತು.

ಗುಡಗೇರಿಯ ಹೊರಗೆ ಹಾದಿಯ ಬದಿ ಹೊಲದಲ್ಲಿ ಏಳೆಂಟು ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಗಾಡಿ ನಿಲ್ಲಿಸಿ ಕುಡಿಯಲು ನೀರು ಕೇಳಿದೆವು. ಒಬ್ಬ ತಾಯಿ ಕೊಡ ಎತ್ತಿ ಕೈಗೇ ಕೊಟ್ಟಳು. ಯಾರ ಪೈಕಿ ಅಂತ ಕೇಳಲಿಲ್ಲ. ನಾವು ಕೇಳಿದೆವು: “ಯವ್ವಾ, ಈ ಹೊಲ ಯಾರದು?”

ಅವಳು ಉಡಿಯೊಳಗಿನ ಹತ್ತಿ ಒತ್ತಿಕೊಳ್ಳುತ್ತ ಅಂದಳು: “ಯಾರದರ ಇರಲಿ ತಮ್ಮಾ, ನಮ್ಮದಂತೂ ಅಲ್ಲ.”

*

ಸಂಜೆ ತಿರುಗಿ ಗದಗಿನ ಹಾದಿ. ಮಾಗಡಿಯ ಹತ್ತಿರ ಬಂದಾಗ ಬಾತುಗಳು ಹೊಲಗಳಿಂದ ಕೆರೆಗೆ ಮರಳುತ್ತಿದ್ದವು. ಮಾಸ್ತರು ಹುಡುಗನಿಗೆ ಹೇಳುವ ಉತ್ತರವನ್ನು ಎಲ್ಲರೂ ಕೂಡಿ ಕಟ್ಟಿದೆವು.

ಪುಲಿಗೆರೆ ಕಟ್ಟಿದಾಗ ನಿಮ್ಮ ಮಂದಿ ಪುಲಿಗೆರೆಯಲ್ಲೇ ಇದ್ದರು ತಮ್ಮಾ. ಕೆರೆ ತೋಡಿದಲ್ಲಿ ಇದ್ದರು, ಕಲ್ಲು ಎಳೆದಲ್ಲಿ ಇದ್ದರು, ಕಪಲಿಯ ಬಾನಿಯಲ್ಲಿ ಇದ್ದರು, ಗುಡ್ಡಿಗೆರೆಯ ಹೊಲದ ಸಾಲಿನಲ್ಲಿ ಇದ್ದರು. ಅವರಿಲ್ಲದ ಒಂದು ದಿನವನ್ನೂ ಆ ಊರು ಕಂಡಿಲ್ಲ. ಅವರು ಇಲ್ಲದ್ದು ಕಲ್ಲಿನ ಮೇಲೆ ಮಾತ್ರ.

ಇಷ್ಟು ಹೇಳಿದರೆ ಸಾಲದು ಎಂದಳು ತಂಗಿ. “ಇದ್ರು ಅಂತ ಹೇಳಿದ್ರ ಮತ್ತ ಪುರಾವೆ ಕೇಳ್ತಾರ. ಪುರಾವೆ ನಾವ ಬರೀಬೇಕು.” ಅವಳ ಮಾತು ಸರಿ. ನಮ್ಮ ಮನೆಗಳ ಟ್ರಂಕುಗಳಲ್ಲಿ ಅಜ್ಜಂದಿರ ಕಾಗದ ಇವೆ. ವತನದ ಹುಕುಂ, ಕಂದಾಯದ ಪಾವತಿ, ಸಾಲದ ಚೀಟಿ, ಹೆಬ್ಬಟ್ಟಿನ ಗುರುತು. ಗೆದ್ದಲು ತಿನ್ನುವ ಮೊದಲು ಅವನ್ನು ತೆಗೆದು ಓದಬೇಕು, ಪ್ರತಿ ಮಾಡಿಸಬೇಕು. ಕಾಗದ ಇಲ್ಲದ ಮನೆಯಲ್ಲಿ ಅತ್ತಿಯಂಥವರು ಇದ್ದಾರೆ. ಯಾವ ಬಾವಿ, ಯಾವ ಹೊಲ, ಯಾವ ವರ್ಷದ ಬರ, ಯಾರ ಮನೆಯ ಜೀತ, ಎಂದು ಬಿಡುಗಡೆ, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಇಷ್ಟು ದಿನ ನಮ್ಮ ನಾಡಿನ ಕಲ್ಲನ್ನು ಇಂಗ್ಲಿಷ್ ಸಾಹೇಬರು ಓದಿದರು, ಪಂಡಿತರು ಓದಿದರು. ಅವರ ಶ್ರಮಕ್ಕೆ ಶರಣು. ಹತ್ತೊಂಬತ್ತನೆಯವರ ಮಾತನ್ನು ಹತ್ತೊಂಬತ್ತನೆಯವರೇ ಬರೆಯಬೇಕು.

ಸೋಮವಾರ ಮಾಸ್ತರು ಸಾಲಿಗೆ ಹೋಗಿ ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರು. ಪ್ರತಿ ಮಗುವೂ ಮನೆಯ ಹಿರಿಯರನ್ನು ಮೂರು ಮಾತು ಕೇಳಿ ಬರೆದು ತರಬೇಕು: ನಿಮ್ಮ ಅಜ್ಜ ಯಾವ ಹೊಲದಲ್ಲಿ ದುಡಿದರು? ನಿಮ್ಮ ಅಜ್ಜಿ ಯಾವ ಬಾವಿಯ ನೀರು ತಂದಳು? ಅದಕ್ಕೆ ಅವರಿಗೆ ಏನು ಸಿಕ್ಕಿತು? ಎಲ್ಲ ಓಣಿಯ ಮಕ್ಕಳಿಗೂ ಒಂದೇ ಪ್ರಶ್ನೆ. ಗೌಡರ ಓಣಿಯ ಮಗುವೂ ಕೇಳಿಕೊಂಡು ಬರಲಿ, ನಮ್ಮ ಓಣಿಯ ಮಗುವೂ ಬರಲಿ. ಎರಡೂ ವಹಿ ಒಂದೇ ಬೆಂಚಿನ ಮೇಲೆ ತೆರೆಯಲಿ.

ಹಿಂದಿನ ಸಾಲಿನ ಆ ಹುಡುಗ ಮೊದಲು ತಂದದ್ದು ಅರ್ಧ ಪುಟ. ಅಕ್ಷರ ಸೊಟ್ಟ. ಅದರಲ್ಲಿ ಅವನ ಮುತ್ತಜ್ಜಿಯ ಹೆಸರಿತ್ತು. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ.